ಕೊಡಗಿನ ಮನೆಗೆ ಟ್ರಾಪಿಕಲ್ ಮಲಗುವ ಕೋಣೆ: ನಾಲ್ಕು ಶೈಲಿಗಳಲ್ಲಿ ಯಾವುದು ನಿಮಗೆ ಒಗ್ಗುತ್ತದೆ?

ಕೊಡಗಿನಲ್ಲಿ ಹೊಸ ಮನೆ ಕಟ್ಟಿಸುವವರು, ಹಳೆಯ ಮನೆಯನ್ನು ದುರಸ್ತಿ ಮಾಡಿಸುವವರು, ಹೋಂಸ್ಟೇ ನಡೆಸುವವರು ಮಲಗುವ ಕೋಣೆಯನ್ನು ಟ್ರಾಪಿಕಲ್ ಶೈಲಿಯಲ್ಲಿ ಸಜ್ಜುಗೊಳಿಸಲು ಬಯಸುವುದು ಈಗ ಸಾಮಾನ್ಯವಾಗಿದೆ. ಆದರೆ ಆ ಒಂದು ಹೆಸರಿನಡಿಯಲ್ಲಿ ಕನಿಷ್ಠ ನಾಲ್ಕು ಬಗೆಯ ಕೋಣೆಗಳಿವೆ ಎಂಬುದು ಸಾಮಾನು ಕೊಳ್ಳಲು ಹೊರಟಾಗಲಷ್ಟೇ ತಿಳಿಯುತ್ತದೆ. ಮೊದಲನೆಯದು ಕಾಫಿ ಎಸ್ಟೇಟುಗಳ ಹಳೆಯ ಬಂಗಲೆಯ ಶೈಲಿ: ಬಿಳಿ ಗೋಡೆ, ಕಡುಬಣ್ಣದ ಮರದ ಕಂಬದ ಮಂಚ, ಸೊಳ್ಳೆಪರದೆ, ಬೆತ್ತದ ಕುರ್ಚಿ. ಎರಡನೆಯದು ಬಾಲಿ ದ್ವೀಪದ ರೆಸಾರ್ಟುಗಳನ್ನು ನೋಡಿ ಬಂದದ್ದು: ಬಿದಿರು, ಹುಲ್ಲಿನ ಹೆಣಿಗೆ, ಒರಟು ಕಲ್ಲು, ನೆಲಕ್ಕೆ ಅಂಟಿದಂತಿರುವ ಮಂಚ. ಮೂರನೆಯದು ಕೋಣೆಯೊಳಗೇ ಕಾಡನ್ನು ತರುವ ಶೈಲಿ: ಎಲೆಚಿತ್ರದ ವಾಲ್‌ಪೇಪರ್, ಕಡುಹಸಿರು ಗೋಡೆ, ಮೂಲೆಮೂಲೆಗೂ ಕುಂಡ. ನಾಲ್ಕನೆಯದಕ್ಕೆ ಅಂಗಡಿಗಳಲ್ಲಿ ಹೆಸರಿಲ್ಲ. ಕಾವಿ ನೆಲ, ಮಂಗಳೂರು ಹೆಂಚು, ಹಲಸಿನ ಮರ, ಚಾಪೆ, ಸುಣ್ಣದ ಗೋಡೆ ಇವುಗಳಿಂದ ಕೂಡಿದ ನಮ್ಮ ಭಾಗದ ಹಳೆಯ ಮನೆಗಳ ಕೋಣೆ ಅದು. ಈ ಬರಹದ ಅನುಕೂಲಕ್ಕಾಗಿ ಅದನ್ನು ನಾಡಮನೆ ಶೈಲಿ ಎನ್ನುತ್ತೇನೆ.

ಉಷ್ಣವಲಯವೆಂದರೆ ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 23.5 ಡಿಗ್ರಿ ಅಕ್ಷಾಂಶದವರೆಗಿನ ಪ್ರದೇಶ. ಕೊಡಗು ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿರುವುದರಿಂದ ನಾವು ಉಷ್ಣವಲಯದವರೇ, ಅದನ್ನು ಎಲ್ಲಿಂದಲೂ ಆಮದು ಮಾಡಿಕೊಳ್ಳಬೇಕಾಗಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಶೈಲಿಯನ್ನು ಬಹುಮಟ್ಟಿಗೆ ರೂಪಿಸಿದವರು ಉಷ್ಣವಲಯವನ್ನು ರಜೆಯ ಊರಾಗಿ ಕಂಡವರು. ಬಾಳೆಎಲೆಯ ವಾಲ್‌ಪೇಪರ್ ಪ್ರಸಿದ್ಧವಾದದ್ದು 1940ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಬೆವರ್ಲಿ ಹಿಲ್ಸ್ ಹೋಟೆಲಿನ ಗೋಡೆಗಳ ಮೇಲೆ. ಅಲ್ಲಿ ಬೇಸಿಗೆಯಲ್ಲಿ ಮಳೆ ಹೆಚ್ಚುಕಡಿಮೆ ಬರುವುದೇ ಇಲ್ಲ. ಕಿಟಕಿ ತೆರೆದರೆ ನಿಜವಾದ ಬಾಳೆಯ ಹಿಂಡು ಕಾಣುವ ಮನೆಯಲ್ಲಿ ಆ ಕಾಗದಕ್ಕೆ ಹಣ ತೆರಬೇಕೇ ಎಂಬುದು ಅವರವರ ಅಭಿರುಚಿಗೆ ಬಿಟ್ಟದ್ದು. ಆ ಕಾಗದ ನಮ್ಮ ಗೋಡೆಯ ಮೇಲೆ ಎರಡು ಮಳೆಗಾಲ ನಿಲ್ಲುತ್ತದೆಯೇ ಎಂಬುದು ಮಾತ್ರ ಅಭಿರುಚಿಯ ಪ್ರಶ್ನೆಯಲ್ಲ. ಆದ್ದರಿಂದ ಶೈಲಿಗಳನ್ನು ತೂಗುವ ಮೊದಲು ತೂಕದ ಕಲ್ಲುಗಳನ್ನು ಸರಿಮಾಡಿಕೊಳ್ಳೋಣ.

ಮೊದಲು ಮಾನದಂಡ

ನನ್ನ ಲೆಕ್ಕದಲ್ಲಿ ಮಿಕ್ಕೆಲ್ಲಕ್ಕಿಂತ ಮುಂದೆ ನಿಲ್ಲುವುದು ತೇವ. ಇಡೀ ಜಿಲ್ಲೆಗೆ ಒಂದೇ ಸಲಹೆ ಸಲ್ಲುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲ, ತಲಕಾವೇರಿಯ ಕಡೆಗೆ ಹೋದರೆ ಅದು ಇನ್ನೂ ಬಹಳ ಹೆಚ್ಚು. ಪೂರ್ವಕ್ಕಿಳಿದು ಕುಶಾಲನಗರ ತಲುಪಿದರೆ ಮಡಿಕೇರಿಯ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ನಾಪೋಕ್ಲಿನಲ್ಲಿ ಜುಲೈ-ಆಗಸ್ಟಿನ ಕಕ್ಕಡ ತಿಂಗಳಿಡೀ ಬಟ್ಟೆ ಒಣಗದಿರುವ ಹೊತ್ತಿಗೆ ಕುಶಾಲನಗರದಲ್ಲಿ ಬಿಸಿಲು ಹಣಿಕಿ ಹಾಕುತ್ತಿರುತ್ತದೆ. ಒಂದೇ ಬಿದಿರಿನ ಮಂಚ ಒಂದು ಕಡೆ ಹತ್ತು ವರ್ಷ ಬಾಳಿ ಇನ್ನೊಂದು ಕಡೆ ಮೂರನೆಯ ವರ್ಷಕ್ಕೆ ಸೌದೆಯಾದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೋಣೆಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಅದರಲ್ಲಿದೆ ಎಂಬ ಅಳತೆ) ಶೇ 60ರೊಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ಶೇ 80ರ ಸುತ್ತ ದಿನಗಟ್ಟಲೆ ನಿಂತರೆ ಮರ, ಹತ್ತಿ, ಚರ್ಮ, ಕಾಗದ ಯಾವುದನ್ನೂ ಅದು ಬಿಡುವುದಿಲ್ಲ. ಈ ಆರ್ದ್ರತೆಯನ್ನು ಅಳೆಯುವ ಪುಟ್ಟ ಹೈಗ್ರೋಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಲಕ್ಷ ರೂಪಾಯಿಯ ಪೀಠೋಪಕರಣ ಕೊಳ್ಳುವ ಮೊದಲು ಇದನ್ನು ತಂದು ಒಂದು ಮಳೆಗಾಲ ಕೋಣೆಯಲ್ಲಿಟ್ಟು ನೋಡುವುದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಜೊತೆಗೆ ಗೋಡೆಯನ್ನೂ ಪರೀಕ್ಷಿಸಬೇಕು. ಒಂದು ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ, ಅಂದರೆ ಗೋಡೆಯ ಕಡೆಗೆ, ಹನಿಗಟ್ಟಿದರೆ ತೇವ ಗೋಡೆಯೊಳಗಿಂದಲೇ ಬರುತ್ತಿದೆ ಎಂದರ್ಥ. ಹೊರಬದಿಯಲ್ಲಿ ಹನಿಗಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಮೊದಲನೆಯದಾದರೆ ಯಾವ ಶೈಲಿಯನ್ನೂ ಆರಿಸಬೇಡಿ, ಮೊದಲು ಮೇಸ್ತ್ರಿಯನ್ನು ಕರೆಯಿಸಿ ಚರಂಡಿ, ಅಡಿಪಾಯ, ಹೆಂಚಿನ ಸಂದುಗಳನ್ನು ನೋಡಿಸಿ. ಎರಡನೆಯದಾದರೆ ಗಾಳಿ, ಫ್ಯಾನು, ಸ್ವಲ್ಪ ಶಾಖ ಸಾಕಾಗಬಹುದು.

ಶಾಖ ಎಂದದ್ದಕ್ಕೆ ಕಾರಣವಿದೆ. ಮಳೆ ಸುರಿಯುವಾಗ ಕಿಟಕಿ ತೆರೆದಿಟ್ಟರೆ ಕೋಣೆ ಒಣಗುತ್ತದೆಂದು ಹಲವರು ನಂಬಿದ್ದಾರೆ. ಹೊರಗಿನ ಗಾಳಿಯೇ ಶೇ 95 ತೇವವಾಗಿರುವಾಗ ಅದು ಒಣಗಿಸುವುದು ಏನನ್ನು? ಆದರೆ 20 ಡಿಗ್ರಿಯ ಅದೇ ಗಾಳಿ ಒಳಗೆ ಬಂದು 24 ಡಿಗ್ರಿಗೆ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಶೇ 75ರ ಸುತ್ತ ಇಳಿಯುತ್ತದೆ. ಹಳೆಯ ಮನೆಗಳಲ್ಲಿ ದಿನವಿಡೀ ಉರಿಯುತ್ತಿದ್ದ ಒಲೆ, ಅಟ್ಟಕ್ಕೇರುತ್ತಿದ್ದ ಹೊಗೆ ಮಾಡುತ್ತಿದ್ದ ಕೆಲಸ ಇದೇ. ಅಡುಗೆ ಗ್ಯಾಸಿಗೆ ಬಂದ ಮೇಲೆ ಮರದ ಸಾಮಾನುಗಳಿಗೆ ಆ ರಕ್ಷಣೆ ಇಲ್ಲವಾಗಿದೆ, ಮತ್ತು ಅಜ್ಜನ ಕಾಲದ ಪೆಟ್ಟಿಗೆ ಹಾಳಾಗದೆ ಉಳಿಯಿತು ಎಂಬ ವಾದವನ್ನು ಇಂದಿನ ಕೋಣೆಗೆ ನೇರವಾಗಿ ಹಚ್ಚುವಂತಿಲ್ಲ.

ಎರಡನೆಯ ಮಾನದಂಡ ಬೆಳಕು. ನಮ್ಮ ಮನೆಗಳ ಮಾಡು ಇಳಿಜಾರಾಗಿ ಚಾಚಿಕೊಂಡಿರುತ್ತದೆ, ಸುತ್ತ ತೋಟದ ನೆರಳಿರುತ್ತದೆ, ಮಳೆಗಾಲದಲ್ಲಿ ಮಂಜು ಕಿಟಕಿಯವರೆಗೂ ಬರುತ್ತದೆ. ಹೀಗಾಗಿ ಕೋಣೆ ಮೊದಲೇ ಮಬ್ಬಾಗಿರುತ್ತದೆ. ಮೂರನೆಯದು ಚಳಿ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಡಿಸೆಂಬರ್-ಜನವರಿಯ ರಾತ್ರಿಗಳಿಗೆ ಕಂಬಳಿ ಬೇಕೇ ಬೇಕು, ಕಡಲತೀರದ ಕೋಣೆಗೆಂದು ಯೋಚಿಸಿದ ತೆಳುವಾದ ಹೊದಿಕೆ ಇಲ್ಲಿ ಅಲಂಕಾರಕ್ಕಷ್ಟೇ. ಮಿಕ್ಕ ಎರಡು ಮಾನದಂಡಗಳು ಎಲ್ಲೆಡೆಯೂ ಇರುವಂಥವೇ: ಕೋಣೆಯ ಆರೈಕೆಗೆ ವಾರಕ್ಕೆ ಎಷ್ಟು ಹೊತ್ತು ಕೊಡಬಲ್ಲಿರಿ ಮತ್ತು ಕೈಯಲ್ಲಿರುವ ಹಣವೆಷ್ಟು. ಬಾಡಿಗೆ ಮನೆಯವರು ಇದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು, ಮನೆ ಬಿಡುವಾಗ ಏನನ್ನೆಲ್ಲ ಬಿಚ್ಚಿ ಒಯ್ಯಬಹುದು ಎಂಬುದು.

ಬಂಗಲೆಯ ಶೈಲಿ

ಯುರೋಪಿಯನ್ ತೋಟಗಾರನೊಬ್ಬ, ಫೌಲರ್ ಎಂಬುವನು, ಮಡಿಕೇರಿಯ ಬಳಿ ಮೊದಲ ಎಸ್ಟೇಟ್ ತೆರೆದದ್ದು 1854ರಲ್ಲಿ. ಅಲ್ಲಿಂದ ಮುಂದೆ ಕಟ್ಟಿದ ಎಸ್ಟೇಟ್ ಬಂಗಲೆಗಳ ಕೋಣೆಯೇ ಈ ಶೈಲಿಯ ಮೂಲ. ಬಿಳಿ ಗೋಡೆ ಇರುವುದರಿಂದ ಬೆಳಕಿನ ಪರೀಕ್ಷೆಯಲ್ಲಿ ಇದು ಸುಲಭವಾಗಿ ಗೆಲ್ಲುತ್ತದೆ. ಕಾಲುಗಳ ಮೇಲೆ ಎತ್ತರಕ್ಕೆ ನಿಂತ ಮಂಚದ ಕೆಳಗೆ ಗಾಳಿಯಾಡುತ್ತದೆ, ಗುಡಿಸಲೂ ಸುಲಭ. ಕಂಬಳಿ, ರಜಾಯಿ ಎಷ್ಟು ಹೊದಿಸಿದರೂ ಕೋಣೆಯ ರೂಪ ಕೆಡುವುದಿಲ್ಲ. ಆದರೆ ಆ ಬಂಗಲೆಗಳಲ್ಲಿ ದಪ್ಪ ಗೋಡೆ, ಎತ್ತರದ ಮಾಡು ಮತ್ತು ಮುಖ್ಯವಾಗಿ ಅಗ್ಗಿಷ್ಟಿಕೆ ಇದ್ದವು. ಈಗ ಅನುಕರಿಸುವವರು ಕುರ್ಚಿಯನ್ನು ತೆಗೆದುಕೊಂಡು ಅಗ್ಗಿಷ್ಟಿಕೆಯನ್ನು ಬಿಟ್ಟಿರುತ್ತಾರೆ, ಮತ್ತು ಆ ಕೋಣೆ ಒಣಗಿರುತ್ತಿದ್ದುದು ಬಹುಪಾಲು ಆ ಬೆಂಕಿಯಿಂದ.

ಈ ಶೈಲಿಯ ಖರ್ಚೆಲ್ಲ ಇರುವುದು ಮರದಲ್ಲಿ. ಬೀಟೆ ಎಂದರೆ ಎಲ್ಲರಿಗೂ ಆಸೆ. ಆದರೆ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮತ್ತು 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿದೆ. ಆದ್ದರಿಂದ ಬೀಟೆಯೇ ಬೇಕೆಂದರೆ ಹಳೆಯ ಮಂಚವನ್ನು ದಾಖಲೆ ಸಮೇತ ಕೊಂಡು ರಿಪೇರಿ ಮಾಡಿಸುವುದು ಕ್ಷೇಮ. ತೇಗ ಎರಡನೆಯ ಆಯ್ಕೆ. ಅದರೊಳಗಿನ ಎಣ್ಣೆಯ ಅಂಶದಿಂದಾಗಿ ತೇವವನ್ನೂ ಗೆದ್ದಲನ್ನೂ ಚೆನ್ನಾಗಿ ತಡೆಯುತ್ತದೆ. ಕಡಿಮೆ ಬೆಲೆಗೆ ತೋಟದ ಸಿಲ್ವರ್ ಓಕ್ ಸಿಗುತ್ತದೆ. ಅದನ್ನು ಸರಿಯಾಗಿ ಒಣಗಿಸಿ, ಹುಳುವಿನ ಔಷಧಿ ಹಚ್ಚಿಸಿ, ಕಡುಬಣ್ಣದ ಪಾಲಿಶ್ ಮಾಡಿಸಿದರೆ ನೋಡುವವರಿಗೆ ವ್ಯತ್ಯಾಸ ಬೇಗ ತಿಳಿಯುವುದಿಲ್ಲ, ಹುಳುಗಳಿಗೆ ಮಾತ್ರ ತಿಳಿಯುತ್ತದೆ. ಔಷಧಿಯನ್ನು ತಪ್ಪಿಸಬೇಡಿ ಎಂದಷ್ಟೇ ಇದರ ಅರ್ಥ.

ಬೆತ್ತದ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಗಸ್ಟ್ ತಿಂಗಳಲ್ಲಿ ಬೆತ್ತದ ಹೆಣಿಗೆಯ ಕುರ್ಚಿಯೊಂದನ್ನು ಮಗುಚಿ ಹಾಕಿ ನೋಡಿದರೆ, ಕೂರುವ ಬದಿ ಹೊಳೆಯುತ್ತಾ ಸ್ವಚ್ಛವಾಗಿದ್ದರೂ ಅಡಿಬದಿಯಲ್ಲಿ ಎಳೆಗಳು ಒಂದರ ಮೇಲೊಂದು ಹಾಯುವ ಪ್ರತಿ ಸಂದಿಯಲ್ಲೂ ಬೂದುಹಸಿರು ಪುಡಿ ಕೂತಿರುತ್ತದೆ. ಬೆತ್ತದ ಹೊರಸಿಪ್ಪೆ ನುಣುಪಾಗಿ, ಗಟ್ಟಿಯಾಗಿ ನೀರನ್ನು ಜಾರಿಸುತ್ತದೆ. ಸೀಳಿದ ಒಳಮೈಗೆ ಆ ಕವಚವಿಲ್ಲ, ಅದು ತೇವವನ್ನು ಹೀರುತ್ತದೆ. ಅಡಿಬದಿಗೂ ಮೆರುಗೆಣ್ಣೆ ಹಚ್ಚಿಸಿದರೆ ಬೂಷ್ಟು ಬಹಳಷ್ಟು ನಿಲ್ಲುತ್ತದೆ. ಆದರೆ ಜೋಲುಬಿದ್ದ ಹೆಣಿಗೆಯನ್ನು ಅಡಿಯಿಂದ ಒದ್ದೆ ಮಾಡಿ ಒಣಗಲು ಬಿಟ್ಟು ಮತ್ತೆ ಬಿಗಿಗೊಳಿಸುವ ಹಳೆಯ ಉಪಾಯ ಆಮೇಲೆ ನಡೆಯುವುದಿಲ್ಲ. ಮಡಿಕೇರಿ, ಭಾಗಮಂಡಲದ ಕಡೆಯವರು ಮೆರುಗೆಣ್ಣೆಯನ್ನೇ ಆರಿಸಲಿ; ಕುಶಾಲನಗರ, ಶನಿವಾರಸಂತೆಯ ಕಡೆಯವರು ಹಾಗೆಯೇ ಬಿಡಬಹುದು. ಪ್ಲಾಸ್ಟಿಕ್ ಬೆತ್ತ ಬೂಷ್ಟು ಹಿಡಿಯುವುದಿಲ್ಲ, ತೊಳೆಯಬಹುದು, ಅಗ್ಗವೂ ಹೌದು. ಅದನ್ನು ವರಾಂಡಕ್ಕೆ ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಹತ್ತಿರದಿಂದ ಕಾಣುವ ಮಲಗುವ ಕೋಣೆಗೆ ಮಾಡಲಾರೆ.

ಜಾಗದ ಮಾತೂ ಇದೆ. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಯಲ್ಲಿ ಕಂಬದ ಮಂಚ ಹಾಕಿದ ಮೇಲೆ ಕಾಲು ಚಾಚುವ ಎಸ್ಟೇಟ್ ಕುರ್ಚಿಗೆ ಸ್ಥಳ ಉಳಿಯುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ಸೊಳ್ಳೆಪರದೆ ಹತ್ತಿಯದ್ದಾದರೆ ನೋಡಲು ಚೆಂದ, ಮಳೆಗಾಲದಲ್ಲಿ ತೇವ ಹೀರಿ ವಾಸನೆ ಬರುತ್ತದೆ. ಪಾಲಿಯೆಸ್ಟರ್‌ದು ಬೇಗ ಒಣಗುತ್ತದೆ. ಇಲ್ಲಿ ಪಾಲಿಯೆಸ್ಟರ್ ಕಡೆಗೇ ನನ್ನ ಮತ.

ಬಾಲಿಯ ಶೈಲಿ

ಬಾಲಿಯ ಕಡಲತೀರದಲ್ಲಿ ವರ್ಷವಿಡೀ ಬೆಚ್ಚಗಿರುತ್ತದೆ, ಆ ಕೋಣೆಗಳು ಹೊರಗಿನ ಗಾಳಿಗೆ ತೆರೆದುಕೊಂಡಿರುವುದೇ ಅದರಿಂದ. ಅದೇ ಕೋಣೆಯನ್ನು ಗಾಳಿಬೀಡಿಗೋ ಮಕ್ಕಂದೂರಿಗೋ ತಂದು ನಾಲ್ಕು ತಿಂಗಳು ಕಿಟಕಿ ಮುಚ್ಚಿಟ್ಟರೆ, ಅದರ ಹುಲ್ಲು, ಸೆಣಬು, ಬಿದಿರು ಎಲ್ಲವೂ ತೇವ ಹೀರುವ ವಸ್ತುಗಳಾಗಿಯೇ ಕೆಲಸ ಮಾಡುತ್ತವೆ. ಆಕಾಶಕ್ಕೆ ತೆರೆದ ಬಚ್ಚಲಿನ ಆಸೆಯನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇಂಬಳಗಳನ್ನು ನೆನೆದಾದರೂ ಕೈಬಿಡುವುದು ಒಳ್ಳೆಯದು.

ಹಾಗೆಂದು ಬಿದಿರನ್ನು ತಳ್ಳಿಹಾಕುವಂತಿಲ್ಲ. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ಕಣ್ಣಿನಲ್ಲಿ ಮರವೆನಿಸುವುದು ನಿಂತಿತು. ಸ್ವಂತ ಜಾಗದ ಬಿದಿರನ್ನು ಬಳಸುವುದು ಹಿಂದಿನಷ್ಟು ತೊಡಕಿನದಲ್ಲ. ಬಿದಿರಿನ ಶತ್ರು ಬೂಷ್ಟಿಗಿಂತ ಹೆಚ್ಚಾಗಿ ಕುಟ್ಟೆಹುಳು. ಮಂಚದ ಕೆಳಗೆ ಟಾಲ್ಕಂ ಪುಡಿಯಷ್ಟು ನಯವಾದ ಹಳದಿ ಪುಡಿ ಬೆಳಗ್ಗೆ ಗುಡಿಸಿದರೂ ಸಂಜೆಗೆ ಮತ್ತೆ ಕಂಡರೆ, ಬಿದಿರಿನ ಗೆಣ್ಣಿನ ಹತ್ತಿರ ಸೂಜಿಮೊನೆಯಷ್ಟು ತೂತುಗಳು ಇದ್ದೇ ಇರುತ್ತವೆ. ಈ ಹುಳುವಿಗೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಮೂರು ವರ್ಷಕ್ಕಿಂತ ಬಲಿತ ಬಿದಿರನ್ನು ಮಳೆಗಾಲ ಕಳೆದ ಮೇಲೆ, ಅಂದರೆ ಪಿಷ್ಟ ಕಡಿಮೆಯಿರುವಾಗ, ಕಡಿದು ಬೋರಿಕ್ ಆಮ್ಲ ಮತ್ತು ಬೋರಾಕ್ಸ್ ದ್ರಾವಣದಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿದ್ದರೆ ಅದು ಬಾಳುತ್ತದೆ. ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ವಿನ್ಯಾಸದ್ದಲ್ಲ, ಈ ನೆನೆಸುವಿಕೆಯದು. ಮಾರುವವರಿಗೆ ಉತ್ತರ ತಿಳಿಯದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಈ ಶೈಲಿಯ ತಗ್ಗಿನ ಮಂಚ ಮಾತ್ರ ಕೊಡಗಿಗೆ ಹೇಳಿಸಿದ್ದಲ್ಲ. ನೆಲದ ತಂಪಿಗೆ ಹತ್ತಿರವಾದಷ್ಟೂ ಹಾಸಿಗೆಯ ಅಡಿಬದಿ ತೇವಗೊಳ್ಳುತ್ತದೆ, ನೆಲದ ಮೇಲೆಯೇ ಕೂರುವ ಪೆಟ್ಟಿಗೆಯಂಥ ಮಂಚವಾದರೆ ಗಾಳಿಗೆ ದಾರಿಯೇ ಇರುವುದಿಲ್ಲ. ಒರಟು ಕಲ್ಲಿನ ಗೋಡೆ ಚಳಿಗಾಲದ ರಾತ್ರಿಗಳಲ್ಲಿ ಕೋಣೆಯನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಸೆಣಬಿನ ನೆಲಹಾಸಿನ ಬದಲು ತೆಂಗಿನ ನಾರಿನದ್ದನ್ನು ಹಾಕಿದರೆ ತೇವಕ್ಕೆ ಬೇಗ ಕೊಳೆಯುವುದಿಲ್ಲ, ಬರಿಗಾಲಿಗೆ ಸ್ವಲ್ಪ ಚುಚ್ಚುತ್ತದೆ. ಪೂರ್ವ ಭಾಗದಲ್ಲಿ, ಕಾವೇರಿ ನಿಸರ್ಗಧಾಮದ ಬಿದಿರುಮೆಳೆಗಳನ್ನು ನೋಡಿ ಈ ಶೈಲಿಗೆ ಮನಸೋತ ಕುಶಾಲನಗರದವರು, ಮಂಚವನ್ನು ಒಂದೂವರೆ ಅಡಿ ಎತ್ತರಿಸಿಕೊಂಡು ಇದನ್ನು ಆರಿಸಬಹುದು. ಪಶ್ಚಿಮ ಭಾಗದವರಿಗೆ ಒಂದು ಬಿದಿರಿನ ಲ್ಯಾಂಪ್‌ಶೇಡ್, ಒಂದು ಏಣಿ, ಅಷ್ಟು ಸಾಕು.

ಕಾಡಿನ ಶೈಲಿ

ಕಡಿಮೆ ಹಣದಲ್ಲಿ ಹೆಚ್ಚು ಬದಲಾವಣೆ ತೋರಿಸುವುದು ಇದೇ. ಒಂದು ಡಬ್ಬ ಹಸಿರು ಬಣ್ಣ, ನಾಲ್ಕು ಕುಂಡ, ಎಲೆಚಿತ್ರದ ಬೆಡ್‌ಶೀಟ್ ಇದ್ದರೆ ಒಂದು ವಾರಾಂತ್ಯದಲ್ಲಿ ಕೋಣೆಯ ಮುಖವೇ ಬದಲಾಗುತ್ತದೆ, ಬೇಡವೆನಿಸಿದರೆ ಹಿಂದಕ್ಕೆ ಹೋಗುವುದೂ ಸುಲಭ. ಬಾಡಿಗೆ ಮನೆಯ ಯುವ ದಂಪತಿಗಳಿಗೆ ಹಿಡಿಸುವುದು ಸಹಜ.

ವಾಲ್‌ಪೇಪರ್ ಬೇಡ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಕಾಗದದ್ದು ಅಂಚಿನಿಂದ ಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ವಿನೈಲ್‌ನದು ಬಿಚ್ಚಿಕೊಳ್ಳದಿದ್ದರೂ ಗೋಡೆಯ ತೇವವನ್ನು ಹಿಂದೆಯೇ ಹಿಡಿದಿಟ್ಟು ಕಾಣದ ಜಾಗದಲ್ಲಿ ಬೂಷ್ಟು ಬೆಳೆಸುತ್ತದೆ. ಎಲೆಯ ಚಿತ್ರ ಬೇಕೆಂದರೆ ಗೋಡೆಯ ಮೇಲೆ ಬಣ್ಣದಿಂದಲೇ ಬರೆಸಿ, ಅಥವಾ ಒಗೆಯಲು ಬರುವ ಬಟ್ಟೆಯಲ್ಲಿ ತನ್ನಿ. ಕಡುಹಸಿರನ್ನು ನಾಲ್ಕೂ ಗೋಡೆಗೆ ಬಳಿಸುವ ಮೊದಲು ಜುಲೈ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ದೀಪ ಹಚ್ಚದೆ ಆ ಕೋಣೆಯಲ್ಲಿ ಪತ್ರಿಕೆ ಓದಲಾಗುತ್ತದೆಯೇ ಎಂದು ನೋಡಿ. ಓದಲಾಗದಿದ್ದರೆ ಹಾಸಿಗೆಯ ತಲೆಭಾಗದ ಒಂದೇ ಗೋಡೆಗೆ ಹಸಿರು ಹಚ್ಚಿ, ಮಿಕ್ಕ ಮೂರನ್ನು ಕೆನೆಬಿಳಿಯಾಗಿಡಿ, 2700 ಕೆಲ್ವಿನ್‌ನ ಬೆಚ್ಚನೆಯ ಹಳದಿ ಬೆಳಕಿನ ಬಲ್ಬು ಹಾಕಿ. ಹೆಂಚಿನ ಮನೆಯಾದರೆ ಎರಡು ಹೆಂಚು ತೆಗೆದು ಗಾಜಿನ ಹೆಂಚು ಹೊದಿಸುವುದು ಇನ್ನೂ ಒಳ್ಳೆಯ ಉಪಾಯ.

ಗಿಡಗಳ ವಿಷಯದಲ್ಲಿ ಕೊಡಗಿನವರಿಗೆ ಒಂದು ಅನುಕೂಲ, ಒಂದು ಅನನುಕೂಲ ಎರಡೂ ಇವೆ. ಬೆಂಗಳೂರಿನ ಫ್ಲಾಟಿನಲ್ಲಿ ಗಾಳಿ ಒಣಗಿ ಅಂಚು ಕಂದುವ ಜರೀಗಿಡ, ಕ್ಯಾಲಥಿಯಾ, ಆಂಥೂರಿಯಂಗಳು ಇಲ್ಲಿ ಹೆಚ್ಚಿನ ಕಷ್ಟವಿಲ್ಲದೆ ಬೆಳೆಯುತ್ತವೆ. ಆಂಥೂರಿಯಂ ಅನ್ನು ನಮ್ಮಲ್ಲಿ ವ್ಯಾಪಾರಕ್ಕಾಗಿಯೇ ಬೆಳೆಯುವವರಿದ್ದಾರೆ. ಅನನುಕೂಲವೆಂದರೆ, ಕುಂಡಕ್ಕೆ ಹಾಕಿದ ನೀರಿನ ಬಹುಪಾಲು ಕೊನೆಗೆ ಆವಿಯಾಗಿ ಕೋಣೆಯ ಗಾಳಿಗೇ ಸೇರುತ್ತದೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಹದಿನೈದು ಕುಂಡವಿಟ್ಟು ತೇವದ ಬಗ್ಗೆ ದೂರಿ ಪ್ರಯೋಜನವಿಲ್ಲ. ಪಶ್ಚಿಮ ಭಾಗದ ಮಲಗುವ ಕೋಣೆಗೆ ಮೂರು ಕುಂಡ ಮಿತಿಯೆಂದು ನನ್ನ ಅಭಿಪ್ರಾಯ. ಮಾನ್‌ಸ್ಟೆರಾ ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡಿನ ಬಳ್ಳಿ, ಮರವನ್ನೇರಿ ಬೆಳಕು ಹುಡುಕುವಂಥದ್ದು. ಕಿಟಕಿಯ ಹತ್ತಿರ ಸ್ಥಳವಿದ್ದರೆ ಮಾತ್ರ ಎಲೆ ಸೀಳಿ ಚೆಂದವಾಗಿ ಬೆಳೆಯುತ್ತದೆ, ಕತ್ತಲ ಮೂಲೆಯಲ್ಲಿಟ್ಟರೆ ಉದ್ದನೆಯ ತೊಟ್ಟು ಬಿಡುತ್ತದೆ. ಆ ಮೂಲೆಗೆ ಸ್ನೇಕ್ ಪ್ಲಾಂಟ್ ಸಾಕು; ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ ನೀರು ಹಾಕಿದರೂ ಅದು ಬದುಕುತ್ತದೆ, ವಾರಕ್ಕೆ ಎರಡು ಸಲ ಹಾಕಿದರೆ ಬುಡ ಕೊಳೆಯುತ್ತದೆ. ಮಾನ್‌ಸ್ಟೆರಾ, ಮನಿಪ್ಲಾಂಟ್, ಡೈಫೆನ್‌ಬಾಕಿಯಾಗಳ ರಸದಲ್ಲಿ ಬಾಯಿ-ಗಂಟಲು ಉರಿಸುವ ಆಕ್ಸಲೇಟ್ ಹರಳುಗಳಿರುವುದರಿಂದ ತೆವಳುವ ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಅವು ಕೈಗೆಟುಕಬಾರದು.

ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ಹೇಳಿ ಮಾರುವವರಿದ್ದಾರೆ. ಆ ಮಾತಿನ ಹಿಂದಿರುವುದು 1989ರ ನಾಸಾ ಪ್ರಯೋಗ; ಅದು ನಡೆದದ್ದು ಮುಚ್ಚಿದ ಪೆಟ್ಟಿಗೆಗಳಲ್ಲಿ, ಮನೆಗಳಲ್ಲಲ್ಲ. ಚೆಂದಕ್ಕಾಗಿ ಗಿಡ ಇಡಿ, ಗಾಳಿಗಾಗಿ ಕಿಟಕಿ ಇದೆ. ಇನ್ನೊಂದು ಮಾತು: ತೋಟದ ಮರದ ಮೇಲೆ ಹೂಬಿಡುವ ಸೀತಾಳೆಯನ್ನು ಕಿತ್ತು ಒಳಗೆ ತರಬೇಡಿ. ಅದಕ್ಕೆ ಬೇಕಾದ ಗಾಳಿ, ಬೆಳಕು, ಮರದ ತೊಗಟೆ ಕೋಣೆಯಲ್ಲಿಲ್ಲ. ಮರದ ಮೇಲೆಯೇ ಬಿಟ್ಟು ಮಂಚವನ್ನು ಆ ಕಿಟಕಿಯ ಕಡೆಗೆ ತಿರುಗಿಸಿದರೆ ಕೆಲಸವಾಯಿತು.

ನಾಡಮನೆ ಶೈಲಿ

ಇದಕ್ಕೆ ನನ್ನ ಒಲವಿದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದ್ದರಿಂದ ಇದರ ಕುಂದುಗಳನ್ನೇ ಮೊದಲು ಹೇಳುತ್ತೇನೆ. ಕಾವಿ ನೆಲ ಹಾಕಲು ಬಲ್ಲ ಕೈ ಬೇಕು. ಬಣ್ಣ, ಸಿಮೆಂಟು, ಉಜ್ಜುವ ಹದ ಇವುಗಳಲ್ಲಿ ಒಂದು ತಪ್ಪಿದರೂ ಬಿರುಕು ಬಿಡುತ್ತದೆ, ಮತ್ತು ಬಿರುಕುಬಿಟ್ಟ ಜಾಗವನ್ನಷ್ಟೇ ಸರಿಮಾಡಿದರೆ ಬಣ್ಣ ಕೂಡಿಕೊಳ್ಳುವುದಿಲ್ಲ. ಚಳಿಗಾಲದ ಬೆಳಗ್ಗೆ ಕಾಲಿಡಲಾಗದಷ್ಟು ತಣ್ಣಗಿರುತ್ತದೆ, ಮಳೆಯ ಮೊದಲ ವಾರಗಳಲ್ಲಿ ಬೆವರುತ್ತದೆ. ಸುಣ್ಣದ ಗೋಡೆಗೆ ಒರಗಿದರೆ ಬೆನ್ನಿಗೆ ಬಿಳಿ ಅಂಟುತ್ತದೆ, ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹೊಡೆಸಬೇಕು; ಮೊದಲೇ ಪ್ಲಾಸ್ಟಿಕ್ ಎಮಲ್ಷನ್ ಬಳಿದಿರುವ ಗೋಡೆಯಾದರೆ ಅದನ್ನು ಕೆರೆದು ತೆಗೆಯದೆ ಸುಣ್ಣ ಹಿಡಿಯುವುದಿಲ್ಲ. ಚಾಪೆಗಳನ್ನು ಮಳೆಗಾಲದಲ್ಲಿ ಸುತ್ತಿ ಅಟ್ಟಕ್ಕೇರಿಸಬೇಕು. ಕಾರ್ಟನ್ ಬಿಚ್ಚಿ ಜೋಡಿಸುವ ಅನುಕೂಲ ಇಲ್ಲಿಲ್ಲ, ಬಡಗಿಯ ಹಿಂದೆ ಅಲೆಯಬೇಕು.

ಇಷ್ಟಾದರೂ ತೇವದ ಪರೀಕ್ಷೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಸುಣ್ಣ ಬಲವಾದ ಕ್ಷಾರವಾದ್ದರಿಂದ ಹೊಸತಾಗಿ ಹೊಡೆದ ಗೋಡೆಯ ಮೇಲೆ ಬೂಷ್ಟು ಸುಲಭವಾಗಿ ಬೇರೂರುವುದಿಲ್ಲ, ಮತ್ತು ಗೋಡೆಯೊಳಗೆ ಸೇರಿದ ತೇವ ಬಿಸಿಲು ಬಂದಾಗ ಅದರ ಮೂಲಕ ಹೊರಹೋಗುತ್ತದೆ. ಪ್ಲಾಸ್ಟಿಕ್ ಬಣ್ಣದಡಿಯಲ್ಲಿ ಅದೇ ತೇವ ಗುಳ್ಳೆಯೆಬ್ಬಿಸುತ್ತದೆ. ಹಲಸಿನ ಮರ ತೇಗದಷ್ಟು ದುಬಾರಿಯಲ್ಲ. ಹೊಸತಾಗಿದ್ದಾಗ ಹಳದಿಯಿದ್ದು ವರ್ಷಗಳು ಕಳೆದಂತೆ ಜೇನುಕಂದು ಬಣ್ಣಕ್ಕೆ ತಿರುಗುತ್ತದೆ, ಹುಳುವಿಗೂ ಬೇಗ ಬಗ್ಗುವುದಿಲ್ಲ. ಕೊಡವರ ಮೂಲಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ (ಜಗಲಿಯಲ್ಲಿ) ಕಂಬಗಳ ನಡುವೆ ಇರುವ ಐಮರದ ದಪ್ಪ ಹಲಗೆಯನ್ನು ನೆನಪಿಸಿಕೊಂಡು ಕಿಟಕಿಯಡಿಯಲ್ಲಿ ಒಂದು ಅಗಲವಾದ ಹಲಗೆಯ ಆಸನ ಮಾಡಿಸಿದರೆ ಬೇರೆ ಕುರ್ಚಿಯೇ ಬೇಡ. ಆದರೆ ಐನ್‌ಮನೆಯಿಂದ ತೆಗೆದುಕೊಳ್ಳುವಾಗ ಮಿತಿಯಿರಲಿ. ನೆಲ್ಲಕ್ಕಿಯ, ಅಂದರೆ ನಡುಮನೆಯ, ಪವಿತ್ರವಾದ ತೂಗುದೀಪದಂಥದ್ದನ್ನು ಮಂಚದ ಪಕ್ಕಕ್ಕೆ ತೂಗುಹಾಕುವುದು ನನಗೆ ಸರಿಕಾಣುವುದಿಲ್ಲ, ಊರಿನ ಹಿರಿಯರಿಗೂ ಕಾಣಲಾರದು.

ಟ್ರಾಪಿಕಲ್ ಎನಿಸುವಷ್ಟು ಹಸಿರು ಇದರಲ್ಲಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಅದಕ್ಕೆ ಒಂದು ಎತ್ತರದ ಅರೆಕಾ ಪಾಮ್, ಹಸಿರು ಕೈಮಗ್ಗದ ಹೊದಿಕೆ ಸಾಕು. ಮಿಕ್ಕ ಹಸಿರನ್ನು ಕಿಟಕಿ ಕೊಡುತ್ತದೆ. ಹಾಗಾಗಿ ಈ ಶೈಲಿಯಲ್ಲಿ ಹಣ ಹಾಕಬೇಕಾದ ಜಾಗ ಕಿಟಕಿ: ಅಗಲವಾದದ್ದು, ಸೊಳ್ಳೆಜಾಲರಿಯಿರುವಂಥದ್ದು, ಭಾರವಾದ ಪರದೆ ಮುಚ್ಚದಂಥದ್ದು.

ಯಾವ ಶೈಲಿಯಾದರೂ ತಪ್ಪದ ಕೆಲವು ಆಯ್ಕೆಗಳು

ವಾರ್ಡ್‌ರೋಬಿಗೆ ಮರದ ಪುಡಿ, ನಾರನ್ನು ಅಂಟಿನಿಂದ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಹಾಕಿಸಬೇಡಿ. ತೇವಕ್ಕೆ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಪ್ಲೈವುಡ್ಡಿನ ಮೇಲೆ ಐಎಸ್ 303 ಎಂಬ ಭಾರತೀಯ ಮಾನಕದ ಸಂಖ್ಯೆ ಇದ್ದರೆ ಅದರಲ್ಲೂ ಬಿಡಬ್ಲ್ಯುಆರ್ (ಕುದಿನೀರನ್ನು ತಡೆಯುವ) ದರ್ಜೆಯದೇ ಎಂದು ನೋಡಿಕೊಳ್ಳಿ, ಗೋಡೆ ತೇವವಿದ್ದರೆ ಐಎಸ್ 710ರ ಮರೀನ್ ಪ್ಲೈ ಹಾಕಿಸಿ. ಯಾವುದೇ ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ನಿಲ್ಲಿಸಿ. ಅಡಿಯಲ್ಲಿ ಸಾಮಾನು ತುಂಬುವ ಬಾಕ್ಸ್ ಮಂಚ ನಗರದ ಫ್ಲಾಟಿಗೆ ವರ, ಮಡಿಕೇರಿಯಲ್ಲಿ ಅದರೊಳಗಿನ ರೇಷ್ಮೆಸೀರೆಗೆ ಕಂಟಕ. ನಡುನಡುವೆ ಸಂದುಬಿಟ್ಟ ಸೀಳುಹಲಗೆಯ ಮಂಚವೇ ಮೇಲು. ಹಾಸಿಗೆಯಲ್ಲಿ ನಾರಿನದು ಅಗ್ಗ, ಆದರೆ ಮಳೆಗಾಲದಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸಿ ಒಣಗಿಸಬೇಕು. ನೈಸರ್ಗಿಕ ಲ್ಯಾಟೆಕ್ಸ್ ದುಬಾರಿ, ಬೂಷ್ಟನ್ನು ಹೆಚ್ಚು ತಡೆಯುತ್ತದೆ. ಗಾಳಿಯ ತೇವ ತೆಗೆಯುವ ಯಂತ್ರವಾದ ಡಿಹ್ಯುಮಿಡಿಫೈಯರ್‌ಗೆ ಹತ್ತು ಸಾವಿರ ರೂಪಾಯಿಗಿಂತ ಹೆಚ್ಚಾಗುತ್ತದೆ, ಗಾಳಿಮಳೆಗೆ ಕರೆಂಟ್ ಹೋದ ದಿನ ಅದು ಬರಿಯ ಡಬ್ಬ. ಆದರೂ ಪಶ್ಚಿಮ ಭಾಗದ ಬಂಗಲೆ ಶೈಲಿಯ ಕೋಣೆಗೆ ಅದನ್ನು ಅಲಂಕಾರದ ಬಜೆಟ್ಟಿನಲ್ಲೇ ಸೇರಿಸಿಕೊಳ್ಳಬೇಕು.

ಯಾರಿಗೆ ಯಾವುದು

ಬಾಡಿಗೆ ಮನೆಯಲ್ಲಿರುವವರು, ಕೈಯಲ್ಲಿ ಹೆಚ್ಚು ಹಣವಿಲ್ಲದವರು ಕಾಡಿನ ಶೈಲಿಯನ್ನು, ವಾಲ್‌ಪೇಪರ್ ಬಿಟ್ಟು, ಮೂರು ಕುಂಡಗಳ ಮಿತಿಯಲ್ಲಿ ಆರಿಸಿಕೊಳ್ಳಲಿ. ಹೋಗುವಾಗ ಎಲ್ಲವನ್ನೂ ಒಯ್ಯಬಹುದು. ಹೋಂಸ್ಟೇ ನಡೆಸುವವರ ಲೆಕ್ಕ ಬೇರೆ. ಅತಿಥಿಗಳು ಒದ್ದೆ ಬಟ್ಟೆ, ಒದ್ದೆ ಬೂಟುಗಳೊಂದಿಗೆ ಬರುತ್ತಾರೆ, ಕೋಣೆ ಕೆಲವು ದಿನ ಖಾಲಿ ಮುಚ್ಚಿರುತ್ತದೆ, ಒಂದೇ ದಿನದಲ್ಲಿ ತೊಳೆದು ಮುಂದಿನವರಿಗೆ ಸಿದ್ಧಪಡಿಸಬೇಕು. ಅವರಿಗೆ ಬಂಗಲೆಯ ಶೈಲಿಯೇ ಸೂಕ್ತ: ಬಿಳಿ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬಹುದು, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಕೊಡಗಿಗೆ ಬರುವವರ ಮನಸ್ಸಿನಲ್ಲಿರುವ ಚಿತ್ರವೂ ಬಹುಮಟ್ಟಿಗೆ ಅದೇ. ಕೋಣೆಯ ಹೊರಗೆ ಒದ್ದೆ ಬಟ್ಟೆಗೆ ಬೇರೆಯೇ ಜಾಗ ಮಾಡಿಕೊಡಬೇಕಷ್ಟೆ. ಉಬ್ಬಸ, ಅಲರ್ಜಿ ಇರುವವರು ಅಥವಾ ವಯಸ್ಸಾದವರು ಮಲಗುವ ಕೋಣೆಯಾದರೆ ಹೆಣಿಗೆ, ಹುಲ್ಲು, ದಪ್ಪ ಪರದೆ, ಮಣ್ಣಿನ ಕುಂಡ ಎಲ್ಲವನ್ನೂ ಕಡಿಮೆ ಮಾಡಿ ನಾಡಮನೆಯ ಬರಿಯ ಸುಣ್ಣ-ಮರದ ರೂಪಕ್ಕೆ ಬನ್ನಿ, ಕಾವಿ ನೆಲಕ್ಕೆ ಜಾರದ, ಒಗೆಯಲು ಬರುವ ಹಾಸು ಹಾಕಿ. ಸ್ವಂತ ಹೆಂಚಿನ ಮನೆಯಿದ್ದು ಹಳೆಯ ನೆಲ ಇನ್ನೂ ಗಟ್ಟಿಯಾಗಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಿ ಬಾಲಿಯ ಕೋಣೆ ಮಾಡಲು ಹೋಗಬೇಡಿ. ನೆಲವನ್ನು ಉಜ್ಜಿಸಿ ಮೇಣ ಹಾಕಿಸಲು ತಗಲುವುದು ಅದಕ್ಕಿಂತ ಬಹಳ ಕಡಿಮೆ ಹಣ.

ಎರಡು ಶೈಲಿಗಳನ್ನು ಬೆರೆಸಬಹುದೇ ಎಂದರೆ, ಬಂಗಲೆ ಮತ್ತು ನಾಡಮನೆ ಒಂದರೊಳಗೊಂದು ಸುಲಭವಾಗಿ ಸೇರುತ್ತವೆ, ಎರಡಕ್ಕೂ ಬಿಳಿ ಗೋಡೆ, ಗಟ್ಟಿ ಮರಗಳೇ ಆಧಾರ. ಬಾಲಿ ಮತ್ತು ಕಾಡನ್ನು ಬೆರೆಸಿದರೆ ತೇವ ಹೀರುವ ವಸ್ತುಗಳೂ ತೇವ ಬಿಡುವ ಗಿಡಗಳೂ ಒಂದೇ ಕೋಣೆಗೆ ಬಂದು ಸೇರುತ್ತವೆ. ಅದನ್ನು ಕುಶಾಲನಗರದವರೂ ಮಾಡದಿರುವುದು ಲೇಸು.

ಕೆಲಸದ ಕಾಲವನ್ನೂ ಆಯ್ಕೆಯ ಭಾಗವೆಂದೇ ಎಣಿಸಿ. ಕಾಫಿ ಕೊಯ್ಲು ಮುಗಿದು ಆಳುಗಳು ಸಿಗುವ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಗೋಡೆ, ನೆಲ, ಮರದ ಕೆಲಸ ಮುಗಿಯಬೇಕು. ಮೇ ತಿಂಗಳು ಎಲ್ಲವೂ ಒಣಗಲು ಮೀಸಲಿರಲಿ. ಆಮೇಲೆ ಮಂಚ, ಹಾಸಿಗೆ, ಹೈಗ್ರೋಮೀಟರ್ ಇಷ್ಟನ್ನೇ ಇಟ್ಟುಕೊಂಡು ಮಳೆಗಾಲ ಕಳೆಯಿರಿ. ಪರದೆ, ನೆಲಹಾಸು, ಬೆತ್ತ, ಗಿಡಗಳನ್ನು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಹಿಂದೆ ಸರಿದ ಮೇಲೆ ಕೊಳ್ಳಿ. ಅಷ್ಟರಲ್ಲಿ ಕೋಣೆಯ ಯಾವ ಮೂಲೆ ಒಣಗಿರುತ್ತದೆ, ಯಾವುದು ಬೂಷ್ಟು ಹಿಡಿಯುತ್ತದೆ ಎಂದು ಗೊತ್ತಾಗಿರುತ್ತದೆ. ಒಣಮೂಲೆಗೆ ಬೆತ್ತ, ತೇವದ ಮೂಲೆಗೆ ಏನೂ ಇಡದೆ ಒಂದು ಟೇಬಲ್ ಫ್ಯಾನ್.